ತಪ್ಪು ಉತ್ತರದ ಹುಡುಗಿ

ಹಳೆ ಪೇಟೆಯ ಗ್ಯಾರೇಜುಗಳ ಮೇಲಿದ್ದ ಆ ಶಾಲೆಯ ಹೆಸರೆತ್ತಿದರೆ ಕಾಯಂ ಶಿಕ್ಷಕರು ಮಾರುದೂರ ಓಡುತ್ತಿದ್ದರು. ಹಾಗಾಗಿ ತರಬೇತಿ ಕಾಲೇಜಿನವರು ತಮ್ಮ ವಿದ್ಯಾರ್ಥಿಗಳನ್ನೇ ಮೂರು ಮೂರು ವಾರಕ್ಕೆ ಅಲ್ಲಿಗೆ ಅಟ್ಟುತ್ತಿದ್ದರು. ಯೋಜನೆಯ ಹೆಸರು ಮಾತ್ರ 'ಪ್ರತಿ ಮಗುವಿಗೂ ಉತ್ತಮ ಶಿಕ್ಷಕ'. ಬಂದವರೆಲ್ಲ ಪರೀಕ್ಷಕರ ಮುಂದೆ ಅದೇ ಭಿನ್ನರಾಶಿ ಪಾಠ ಮಾಡಿ, ಪಾಸಾಗಿ, ಒಳ್ಳೆ ಬೀದಿಯ ಶಾಲೆ ಹಿಡಿಯುತ್ತಿದ್ದರು. ಮಕ್ಕಳಂತೂ ಪಾಠಯೋಜನೆಯನ್ನು ಅರೆದು ಕುಡಿದಿದ್ದರು.

ಈ ಸಲ ಬಂದ ಟೀಚರಮ್ಮ ಒಮ್ಮೆ ಫೇಲಾದವಳು. ಮತ್ತೆ ಫೇಲಾದರೆ ಅಕ್ಕನ ಮನೆಯಲ್ಲಿ ಇನ್ನೊಂದು ವರ್ಷದ ಊಟ, ಎರಡನೇ ಸಲ ಬಡಿಸಿಕೊಂಡಾಗಲೆಲ್ಲ ಭಾವನ ಕೆಮ್ಮು.

ಪರೀಕ್ಷೆಯ ದಿನ ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಅವಳಿಗೇ ಧೈರ್ಯ ಹೇಳಿದಳು.

"ಹೆದರ್ಕೋಬೇಡಿ ಮಿಸ್. ಎಲ್ಲಾರೂ ಸರಿಯಾಗಿ ಹೇಳಿದ್ರೆ ಮೊದ್ಲೇ ಹೇಳ್ಕೊಟ್ಟಿದೀರ ಅಂತಾರೆ. ಅದಕ್ಕೇ ತಪ್ಪು ಉತ್ತರ ನಂದು. ಮೂರನೇ ಕ್ಲಾಸಿಂದ್ಲೂ ನಂದೇ."

ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತರು. ಎರಡನೇ ಒಂದು, ನಾಲ್ಕನೇ ಒಂದು, ಯಾವುದು ದೊಡ್ಡದು ಎಂದು ಟೀಚರಮ್ಮ ಕೇಳಿದಳು.

"ನಾಲ್ಕನೇ ಒಂದು ಮಿಸ್! ಎರಡಕ್ಕಿಂತ ನಾಲ್ಕು ದೊಡ್ಡದಲ್ವಾ?" ಹುಡುಗಿ ಅಚ್ಚುಕಟ್ಟಾಗಿ ತಪ್ಪಿದಳು. ಟೀಚರಮ್ಮ ಕಾಗದ ಮಡಿಸಿ ತೋರಿಸಿದ್ದೇ ತಡ, "ಈಗ ಗೊತ್ತಾಯ್ತು ಮಿಸ್" ಎಂದಳು.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಟೀಚರಮ್ಮನ ಬಾಯಿ ಸುಮ್ಮನಿರಬೇಕಲ್ಲ! "ಹಾಗಾದ್ರೆ ಮೂರನೇ ಒಂದು ದೊಡ್ಡದೋ, ಐದನೇ ಒಂದೋ?" ಎಂದುಬಿಟ್ಟಳು.

ಹುಡುಗಿ ಕಕ್ಕಾಬಿಕ್ಕಿಯಾದಳು. "ಮಿಸ್, ಇದು ಪಾಠದಲ್ಲಿಲ್ಲ. ನಂದು ಮುಗೀತು" ಎಂದು ಪಿಸುಗುಟ್ಟಿದಳು.

ಅದು ನಟನೆಯಲ್ಲ. ಮೂರು ವರ್ಷ ತಪ್ಪು ಹೇಳಿ ಎಷ್ಟೋ ಜನರನ್ನು ಪಾಸು ಮಾಡಿಸಿದ ಆ ಮಗುವಿಗೆ ಸರಿ ಯಾವುದೆಂದು ನಿಜಕ್ಕೂ ಗೊತ್ತಿರಲಿಲ್ಲ.

ಪರೀಕ್ಷಕರು ಗಡಿಯಾರ ನೋಡಿದರು. ಪಾಠಯೋಜನೆಯಲ್ಲಿ ಇನ್ನೂ ಎರಡು ಹಂತ ಬಾಕಿಯಿದ್ದವು. ಟೀಚರಮ್ಮ ಅದನ್ನೆಲ್ಲ ಬಿಟ್ಟು ಹುಡುಗಿಯ ಪಕ್ಕ ಕೂತು ಎರಡು ಹಾಳೆ ಹರಿದಳು, ಒಂದನ್ನು ಮೂರು ತುಂಡು, ಇನ್ನೊಂದನ್ನು ಐದು. ಹುಡುಗಿ ತುಂಡಿನ ಮೇಲೆ ತುಂಡಿಟ್ಟು ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

'ಪಾಠ ಅಪೂರ್ಣ. ಒಂದೇ ಮಗುವಿಗೆ ಅತಿಯಾದ ಗಮನ' ಎಂದು ಬರೆದು ಪರೀಕ್ಷಕರು ಸಹಿ ಹಾಕಿದರು. "ಮುಂದಿನ ವರ್ಷ ನೋಡೋಣಮ್ಮ" ಎಂದು ಮೆಟ್ಟಿಲಿಳಿದು ಹೋದರು.

ಟೀಚರಮ್ಮನಿಗೆ ಅಳು ತಡೆಯಲಾಗಲಿಲ್ಲ. ಹುಡುಗಿ ಹತ್ತಿರ ಬಂದು ನಿಂತಳು. ಅವಳ ಮುಖವೂ ಸಣ್ಣಗಾಗಿತ್ತು.

"ಮಿಸ್, ಸೋಮವಾರ ಹೊಸ ಮಿಸ್ ಬರ್ತಾರೆ. ನಾನಿನ್ನು ತಪ್ಪು ಹೇಳೋದು ಹ್ಯಾಗೆ? ನಂಗೆ ಗೊತ್ತಾಗ್ಬಿಟ್ಟಿದೆ."