ಹೋದ ವಾರ ಒಂದು ಗಂಟೆಯಾದರೂ

ಲಾಕ್‌ಡೌನಿನಲ್ಲಿ ಯಾರ ಸೊಂಟ ಎಷ್ಟು ಇಂಚು ಹಿಗ್ಗಿದೆ ಎಂಬುದು ಐರ್ಲೆಂಡಿನ ಲಿಮೆರಿಕ್‌ನ ಆ ಬೀದಿಯಲ್ಲಿ ನೀರಜಾಗೆ ಮಾತ್ರ ಗೊತ್ತಿತ್ತು. ಮೂಲೆಮನೆಯ ಮೇಷ್ಟ್ರಿಗೆ ಎರಡೂವರೆ. ದಿನವಿಡೀ ನಡೆಯುವ ಪೋಸ್ಟ್‌ಮನ್ನಿಗೂ ಮುಕ್ಕಾಲು. ಪಕ್ಕದ ಮನೆಯ ಬ್ರೀಡಾಳ ಗಂಡನಿಗೆ ಪೂರಾ ನಾಲ್ಕು. ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಬಾಯಿ ಬಿಡುವುದೇ ಅವಳಿಗೆ ಕಷ್ಟದ ಕೆಲಸ.

ಶುರುವಾದದ್ದು ಬ್ರೀಡಾಳಿಂದ. ಎರಡು ಸಾವಿರದ ಇಪ್ಪತ್ತೊಂದರ ಜನವರಿ, ಬಟ್ಟೆ ಅಂಗಡಿಗಳೆಲ್ಲ ಮುಚ್ಚಿದ್ದವು. ಕಿಟಕಿಯ ಪಕ್ಕ ನೀರಜಾ ಪರದೆ ಹೊಲಿಯುವುದನ್ನು ಕಂಡು ಬ್ರೀಡಾ ಅವಳ ಗೇಟಿಗೆ ಪ್ಯಾಂಟಿದ್ದ ಚೀಲವೊಂದನ್ನು ನೇತುಹಾಕಿದಳು. ಎರಡು ಮೀಟರ್ ಹಿಂದೆ ಸರಿದು, ತನ್ನ ಮನೆ ಬಾಗಿಲಲ್ಲಿ ನಿಂತ ಗಂಡನ ಕಡೆ ಬೆರಳು ತೋರಿಸಿ, ಎರಡು ಕೈಯನ್ನೂ ಅಗಲಿಸಿದಳು. ಆತ ಹೊಟ್ಟೆ ಮುಚ್ಚಿಕೊಂಡು ಒಳಗೆ ಓಡಿದ. ನೀರಜಾ ನಕ್ಕು ತಲೆಯಾಡಿಸಿದಳು. ಪ್ಯಾಂಟು ಹೋಯಿತು, ಮಜೂರಿಯ ಲಕೋಟೆ ಬಂತು. ಆಮೇಲೆ ಗೇಟಿನಲ್ಲಿ ದಿನವೂ ಚೀಲ.

ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ನೀರಜಾ ಮಂಡ್ಯದ ರಾಜಮ್ಮನವರ ಟೈಲರಿಂಗ್ ಅಂಗಡಿಯಲ್ಲಿ ಆರು ವರ್ಷ ಹೊಲಿದಿದ್ದಳು. ಆದರೂ ರೇಷನ್ ಕಾರ್ಡಿನಿಂದ ಹಿಡಿದು ವೀಸಾ ಅರ್ಜಿಯವರೆಗೆ, ಉದ್ಯೋಗ ಎಂಬಲ್ಲಿ ಬೇರೆ ಯಾರೋ ‘ಇಲ್ಲ’ ಎಂದು ಬರೆಯುತ್ತಿದ್ದರು. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ಫೆಬ್ರವರಿಯ ಒಂದು ಮಧ್ಯಾಹ್ನ, ಎಲೆಕ್ಟ್ರಾನಿಕ್ಸ್ ಕಂಪನಿಯ ಕೆಲಸವನ್ನು ಅಡುಗೆಮನೆಯ ಮೇಜಿನಲ್ಲೇ ಮಾಡುತ್ತಿದ್ದ ಗಂಡ ಮಿಥುನನಿಗೆ ಊಟದ ನಡುವೆ ಫೋನ್ ಬಂತು.

“ಸರ್ಕಾರದ ಸರ್ವೆ ಕಣೇ,” ಎಂದು ಅವನು ಸ್ಪೀಕರ್ ಹಾಕಿದ. “ಯಾವ ದೇಶದಲ್ಲಿ ಎಷ್ಟು ಜನ ಹೆಂಗಸ್ರು ದುಡೀತಾರೆ ಅಂತ ಪಟ್ಟಿ ಮಾಡ್ತಾರಲ್ಲ, ಅದಕ್ಕೆ. ಮನೆಗೆ ಬರೋ ಹಾಗಿಲ್ವಲ್ಲ, ಫೋನಲ್ಲೇ ಕೇಳ್ತಾರೆ.”

ತನ್ನ ಸರದಿಯನ್ನು ಅವನು ಚಕಚಕ ಮುಗಿಸಿದ. ಅತ್ತಲಿನ ಹೆಂಗಸು ಮುಂದುವರಿಸಿದಳು: ನಿಮ್ಮ ಹೆಂಡತಿ ಹೋದ ವಾರ ಸಂಬಳಕ್ಕೋ ಸಂಪಾದನೆಗೋ ಒಂದು ಗಂಟೆಯಾದರೂ ಕೆಲಸ ಮಾಡಿದ್ದಾರೆಯೇ?

“ಇಲ್ಲ ಇಲ್ಲ, ಮನೇಲೇ ಇರ್ತಾಳೆ,” ಎಂದ ಮಿಥುನ್ ಇಂಗ್ಲಿಷಿನಲ್ಲಿ.

ನೀರಜಾ ಮಷಿನ್ನಿನ ಪೆಡಲಿನಿಂದ ಕಾಲು ತೆಗೆದಳು. ಒಂದೇ ಒಂದು ಗಂಟೆಯಂತೆ! ಮೇಷ್ಟ್ರ ಪ್ಯಾಂಟಿನ ಹೊಲಿಗೆ ಬಿಚ್ಚುವುದಕ್ಕೇ ಅಷ್ಟು ಹಿಡಿದಿತ್ತು. ಈಗ ಸುಮ್ಮನಿದ್ದರೆ ಇಡೀ ದೇಶದ ಪಟ್ಟಿಯಲ್ಲೂ ಅವಳು ‘ಇಲ್ಲ’.

“ರೀ, ಇದೆ ಅನ್ರೀ.”

“ಏನಿದೆ?”

“ಕೆಲಸ.”

“ಅಯ್ಯೋ, ಇದು ಟೈಂಪಾಸ್ ಕಣೇ!”

“ಟೈಂಪಾಸಾ? ಪ್ಯಾಂಟಿನ ಸೊಂಟಕ್ಕೆ ನಾಲ್ಕು ಇಂಚು ಬಿಟ್ಟಿದೀನಿ! ನೀವು ಬಿಡಿ ನೋಡೋಣ!”

ಫೋನಿನ ಹೆಂಗಸಿಗೆ ಕನ್ನಡ ಬಾರದಿದ್ದರೂ ದನಿ ಅರ್ಥವಾಯಿತು. ಅವರೇ ಉತ್ತರಿಸಿದರೆ ಒಳ್ಳೆಯದು ಎಂದಳು. ನೀರಜಾ ಕುತ್ತಿಗೆಯ ಟೇಪನ್ನು ಬಿಗಿಯಾಗಿ ಹಿಡಿದು ಮೇಜಿನ ಬಳಿ ಬಂದಳು. ಅಪರಿಚಿತರೊಡನೆ ಇಂಗ್ಲಿಷಿನಲ್ಲಿ ಫೋನ್ ಮಾತು ಅವಳ ಜೀವಮಾನದಲ್ಲೇ ಮೊದಲು.

“ಐ ಟೈಲರ್,” ಎಂದಳು. “ಪೀಪಲ್ ಪೇ.”

ಗ್ರ್ಯಾಂಡ್, ತುಂಬ ಒಳ್ಳೆಯದು, ಎಂದಳು ಆ ಹೆಂಗಸು, ತಡೆದು ನಿಧಾನವಾಗಿ. ಹೋದ ವಾರ ಎಷ್ಟು ಗಂಟೆ?

ನೀರಜಾ ಚೀಲಗಳನ್ನು ಒಂದೊಂದಾಗಿ ನೆನೆದು ಬೆರಳು ಮಡಿಚಿದಳು. “ಟ್ವೆಂಟಿ ಸಿಕ್ಸ್.”

ಮಿಥುನನ ಕೈಯಲ್ಲಿದ್ದ ಚಪಾತಿ ತಟ್ಟೆಗೆ ಬಿತ್ತು. “ಇಪ್ಪತ್ತಾರಾ? ನಾನಿಲ್ಲೇ ಎದುರಿಗೇ ಕೂತಿದ್ನಲ್ಲೇ!”

“ಕೂತಿದ್ರಿ. ನೋಡ್ಲಿಲ್ಲ.”

ಅತ್ತ ಕೀಲಿಗಳ ಟಕಟಕ ಸದ್ದು ಕೇಳಿತು. ಸ್ವಂತ ಉದ್ಯೋಗ ಎಂದು ಬರೆದುಕೊಂಡಿದ್ದೇನೆ ಎಂದಳು ಹೆಂಗಸು. ನೀರಜಾ ಥ್ಯಾಂಕ್ಯೂ ಹೇಳಿ, ಫೋನ್ ಆಫ್ ಆದಮೇಲೂ ಇನ್ನೊಮ್ಮೆ ಹೇಳಿದಳು.

ಮಿಥುನ್ ಊಟ ಮುಗಿಸಿ ಮತ್ತೆ ಕೆಲಸಕ್ಕೆ ಕೂತ. ವಿಡಿಯೋ ಕಾಲಿಗೆ ಮೇಲೆ ಇಸ್ತ್ರಿ ಅಂಗಿ, ಕೆಳಗೆ ಪೈಜಾಮ ಹಾಕಿಯೇ ಅವನಿಗೆ ಒಂದು ವರ್ಷವಾಗುತ್ತ ಬಂದಿತ್ತು. ಏಕೆಂಬುದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಮೂರು ಚೀಲಗಳಿದ್ದವು. ಮೂರನೆಯದರಲ್ಲಿ ಕರಿ ಪ್ಯಾಂಟು, ಮೇಲೊಂದು ಚೀಟಿ: ‘ಮಿಥುನ್, ಇದೇ ಮನೆ. ದಯವಿಟ್ಟು ಮೂರು ಇಂಚು.’

ನೀರಜಾ ಅಳೆದು ನೋಡಿದಳು. ನಾಲ್ಕು ಬೇಕಿತ್ತು. ಯಾರಿಗೂ ಹೇಳಲಿಲ್ಲ.

“ಯಾವಾಗ ಸಿಗುತ್ತೆ ಮೇಡಂ?” ಎಂದು ಒಳಗಿನಿಂದ ದನಿ ಬಂತು.

“ಮುಂದೆ ಇಬ್ಬರಿದ್ದಾರೆ,” ಎಂದಳು ಅವಳು. “ಗುರುವಾರ ಬನ್ನಿ.”