ಸ್ವೆಟರಿನ ಜೇಬು

ಹಗ್ಗ ಹಿಡಿದು ತಮ್ಮ ಎಳೆದಷ್ಟೂ ಕುದುರೆಮರಿ ನಾಲ್ಕು ಕಾಲೂರಿ ಹಿಂದಕ್ಕೆ ಜಗ್ಗುತ್ತಿತ್ತು. ಶವದ ಗಾಡಿ ಗೇಟಿನಾಚೆ ನಿಂತಿತ್ತು. ಮರಿ ಜಾಗ ಬಿಡದೆ ಅದು ಅಂಗಳಕ್ಕೆ ಬರುವಂತಿರಲಿಲ್ಲ.

"ಅಕ್ಕಾ, ಭಾವನ ಮುದ್ದಿನ ಮಗ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ!"

"ಮೂತಿಗೆ ಮೂತಿ ಕೊಟ್ಟು ಎಳೆದ್ರೆ ಯಾರ್ ಬರ್ತಾರೆ ಸ್ವಾಮಿ?" ಎಂದ ಗಾಡಿಯವನು. "ನನ್ನ ಹೆಂಡ್ತೀನೂ ಬರಲ್ಲ."

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಸವಾರಿ ಶಾಲೆಯ ಯಜಮಾನ ಮಾತ್ರ ನಗಲಿಲ್ಲ. ಅವನ ಶಾಲೆಯ ಮರಿಗಳಿಗೆಲ್ಲ ಹಗ್ಗ ಹಿಡಿದವರ ಜೊತೆ ಮರ್ಯಾದೆಯಿಂದ ನಡೆಯುವುದನ್ನು ಕಲಿಸಿದ್ದು, ಈಗ ಒಳಗೆ ಹೆಣವಾಗಿ ಮಲಗಿದ್ದವನೇ.

"ಎಂಥಾ ಕೈ ಅದು! ಕೊನೆಕೊನೆಗೆ ಸೋತುಬಿಡ್ತು, ಪಾಪ," ಎಂದ ಯಜಮಾನ. "ಇಲ್ದಿದ್ರೆ ಅವರು ಪಳಗಿಸಿದ ಮರಿ ನನ್ನ ಮಗಳ ಕೈ ಕಚ್ಚುತ್ತಿತ್ತಾ?"

ಹೊಸ್ತಿಲ ಬಳಿ ಕೂತಿದ್ದ ಸತ್ತವನ ಹೆಂಡತಿ ತಲೆ ತಗ್ಗಿಸಿದಳು.

*

"ಕೈಯಿಂದ ಏನೂ ತಿನ್ನಿಸ್ಬೇಡ ಕಣೇ. ಕೈಯೇ ತಿಂಡಿ ಅನ್ಕೊಳ್ಳುತ್ತೆ. ಬೋಗುಣಿಗೆ ಹಾಕು," ಎಂದಿದ್ದ ಗಂಡ.

ಅವಳು ಹೂಂ ಎಂದಿದ್ದಳು. ಆದರೆ ಮರಿ ಅವನ ಭುಜದ ಪಕ್ಕದಲ್ಲೇ ನಡೆಯುತ್ತಿತ್ತು, ಅವನು ನಿಂತರೆ ನಿಲ್ಲುತ್ತಿತ್ತು. ಇವಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವನು ಸ್ನಾನಕ್ಕೆ ಹೋದಾಗ ಇವಳು ಸ್ವೆಟರಿನ ಜೇಬಿನಲ್ಲಿ ಕ್ಯಾರೆಟ್ ಇಟ್ಟುಕೊಂಡು ಲಾಯಕ್ಕೆ ಹೋಗತೊಡಗಿದಳು. ಮೊದಮೊದಲು ಮರಿ ಜೇಬು ಮೂಸುತ್ತಿತ್ತು. ಆಮೇಲೆ ಮೂತಿಯಿಂದ ತಿವಿಯಿತು. ಆಮೇಲೆ ಹಲ್ಲು ಹಾಕಿತು. "ಕಳ್ಳ ನನ್ಮಗನೇ," ಎಂದು ಅವಳು ನಕ್ಕಳು.

ಒಂದು ದಿನ ಯಜಮಾನನ ಮಗಳು ಮರಿಯ ಪಕ್ಕ ನಿಂತು, ಕರವಸ್ತ್ರ ತೆಗೆಯಲೆಂದು ತನ್ನ ಜೇಬಿಗೆ ಕೈ ಹಾಕಿದ್ದಳು, ಅಷ್ಟೇ.

ಯಜಮಾನ ಅಂಗಳದಲ್ಲಿ ಬಾಯಿಗೆ ಬಂದಂತೆ ಬೈದ. "ತಪ್ಪು ನಂದೇ," ಎಂದ ಗಂಡ. ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದವಳ ನಾಲಿಗೆಯ ತುದಿಗೆ ಮಾತು ಬಂತು, ನುಂಗಿಕೊಂಡಳು. ಶಾಲೆಯಿಂದ ಮತ್ತೆ ಯಾವ ಮರಿಯೂ ಬರಲಿಲ್ಲ. ಕಚ್ಚುವ ಇದೊಂದನ್ನು ಅವನೇ ಕೇಳಿ ಉಳಿಸಿಕೊಂಡ. ಅವಳು ಆಮೇಲೆ ಲಾಯದ ಕಡೆ ಹೋಗಲೇ ಇಲ್ಲ.

ಆ ಚಳಿಗಾಲದಲ್ಲಿ ಅವಳ ಸ್ವೆಟರು ಕಾಣೆಯಾಯಿತು.

"ಇಲಿ ಎಳ್ಕೊಂಡು ಹೋಗಿರ್ಬೇಕು," ಎಂದ ಗಂಡ.

"ಅಷ್ಟು ದಪ್ಪ ಇಲೀನಾ?"

"ಅದಕ್ಕೂ ಚಳಿ ಆಗಲ್ವೇನೇ?" ಎಂದು ತನ್ನ ಶಾಲು ತಂದು ಹೊದಿಸಿದ್ದ.

*

ಅವಳು ಎದ್ದು ಬಂದು ತಮ್ಮನ ಕೈಯಿಂದ ಹಗ್ಗ ತೆಗೆದುಕೊಂಡಳು. ಗಂಡ ನಿಲ್ಲುತ್ತಿದ್ದ ಹಾಗೆ ಮರಿಯ ಭುಜದ ಪಕ್ಕ ನಿಂತು, ಮುಂದೆ ನೋಡುತ್ತಾ ಹೆಜ್ಜೆ ಹಾಕಿದಳು. ಮರಿ ತಣ್ಣಗೆ ಜೊತೆಗೆ ಬಂತು.

ಲಾಯದ ಮೊಳೆಯಲ್ಲಿ ಅವಳ ಸ್ವೆಟರು ನೇತಾಡುತ್ತಿತ್ತು.

ಜೇಬಿನ ಅಂಚು ಹಲ್ಲಿಗೆ ಸಿಕ್ಕಿ ಎಳೆ ಎಳೆಯಾಗಿತ್ತು. ಒಳಗೆ ಇನ್ನೂ ಬಾಡದ ಕ್ಯಾರೆಟ್ ಇತ್ತು. ತೋಳುಗಳನ್ನು ಅವನ ಅಭ್ಯಾಸದಂತೆ ಮೊಣಕೈವರೆಗೆ ಮಡಚಲಾಗಿತ್ತು. ಅವಳ ಮುಖ ಬಿಸಿಯೇರಿತು. ಇಷ್ಟು ದಿನ ಅವನು ಇದನ್ನು ತೊಟ್ಟುಕೊಂಡು, ಮರಿಗೆ ಈ ಜೇಬಿನ ಆಸೆ ಬಿಡಿಸುತ್ತಾ ಇಲ್ಲಿ ನಿಲ್ಲುತ್ತಿದ್ದ. ಒಂದು ಮಾತೂ ಆಡಿರಲಿಲ್ಲ.

ಮಡಚಿದ ತೋಳುಗಳನ್ನು ಹಾಗೇ ಬಿಟ್ಟು ಸ್ವೆಟರು ತೊಟ್ಟುಕೊಂಡಳು. ಮರಿಯನ್ನು ನಡೆಸಿಕೊಂಡು ಮತ್ತೆ ಹೊರಗೆ ಬಂದಳು.

"ಅಯ್ಯೋ, ಈಗ್ತಾನೆ ಒಳಗೆ ಹೋಗಿತ್ತಲ್ಲಕ್ಕಾ!" ಎಂದ ತಮ್ಮ.

ಅವಳು ಯಜಮಾನನ ಎದುರಿಗೆ ನಿಂತಳು. "ಅವರ ಕೈ ಸೋತಿರ್ಲಿಲ್ಲ ಯಜಮಾನ್ರೇ. ಇದಕ್ಕೆ ಕಚ್ಚೋದು ಕಲಿಸಿದ್ದು ನಾನು. ಕದ್ದು ತಿನ್ನಿಸ್ತಿದ್ದೆ. ಅವತ್ತು ನೀವು ಬೈಯ್ತಿದ್ದಾಗ ಕಿಟಕೀಲಿ ನಿಂತು ಕೇಳಿಸ್ಕೊಂಡೆ."

ಯಜಮಾನ ಟೋಪಿ ತೆಗೆದ. ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

"ಅವರಿಗೆ ಗೊತ್ತಿತ್ತಾ ಅಮ್ಮಾ?"

ಅವಳು ಜೇಬಿನಿಂದ ಕ್ಯಾರೆಟ್ ತೆಗೆದು, ಎಲ್ಲರೂ ನೋಡುತ್ತಿರುವಂತೆ, ಅಂಗೈಯಲ್ಲಿಟ್ಟು ಚಾಚಿದಳು.

ಮರಿ ಅಂಗೈಯನ್ನು ನೋಡಿತು. ಮೂಗಿನ ಹೊಳ್ಳೆಗಳು ಅರಳಿದವು. ಆಮೇಲೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಸುಮ್ಮನೆ ನಿಂತಿತು.

ಚಾಚಿದ ಕೈ ಹಾಗೇ ಉಳಿಯಿತು.