ಹೊನ್ನಾಳಿಯ ಹಫೀಜಾ

ಸುಬಾನಸಾಬರ ಜಟಕಾ ಹೊನ್ನಾಳಿ-ನ್ಯಾಮತಿ ದಾರಿಯಲ್ಲಿ ಓಡುತ್ತಿದ್ದ ಕಾಲದಲ್ಲಿ ಊರು ದಾಟುವ ತನಕ ಅವರೇ ಗಾಡಿ ಹೊಡೆಯುತ್ತಿದ್ದರು. ಮನೆಗಳು ಮರೆಯಾದದ್ದೇ ತಡ, ಮಗಳು ಹಫೀಜಾ ಮುಂದೆ ಬಂದು ಲಗಾಮು ಹಿಡಿಯುತ್ತಿದ್ದಳು. ಗಾಡಿಯ ಕೆಂಪು ಕುದುರೆ ಬಿಜಲಿ ಸಾಬರಿಗಿಂತ ಅವಳ ಮಾತನ್ನೇ ಹೆಚ್ಚು ಕೇಳುತ್ತಿತ್ತು.

ಅವಳಿಗೆ ಹದಿನಾರು ತುಂಬಿದ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ, ಹಾಲೇಶಪ್ಪನವರ ನಾಟಕ ಕಂಪನಿ ಹೊನ್ನಾಳಿಯಲ್ಲಿ ಬಿಡಾರ ಹೂಡಿತು. ರಂಗದ ಮೇಲೆ ಜೀವಂತ ಕುದುರೆ ಬರುತ್ತದೆಂದು ಡಂಗುರ ಹೊಡೆಸಿದರು. ಸಾಬರಿಂದ ಬಾಡಿಗೆಗೆ ಪಡೆದ ಬಿಜಲಿಯೇ ಆ ಕುದುರೆ. ರಾಣಿಯ ವೇಷದ ಪಾಪಣ್ಣ ಸೀರೆ ಎತ್ತಿಕಟ್ಟಿ ಹತ್ತುತ್ತಿದ್ದಂತೆ ಕುದುರೆ ಒಮ್ಮೆ ಕೆನೆಯಿತು. ರಾಣಿ ಜಾರಿ ಹಾರ್ಮೋನಿಯಂ ಮೇಲೆ ಕೂತುಬಿಟ್ಟ. ಜನ ಹೋ ಎಂದರು. ಪರದೆಯ ಮರೆಯಲ್ಲಿ ಕುದುರೆ ಕಾಯುತ್ತಿದ್ದ ಹಫೀಜಾಳಿಗೆ ಏನನ್ನಿಸಿತೋ, ಬಿದ್ದಿದ್ದ ಕಿರೀಟ ತಲೆಗಿಟ್ಟು, ರಾಣಿಯ ಕತ್ತಿ ಕೈಗೆತ್ತಿಕೊಂಡು ಚಂಗನೆ ಹತ್ತಿದಳು. ಬಿಜಲಿಯನ್ನು ಒಂದು ಸುತ್ತು ಹಾಕಿಸಿ, ಕತ್ತಿ ಎತ್ತಿ, "ಎಲ್ಲಿ ಆ ವೈರಿ?" ಎಂದಳು. ಮಾತು ನಾಟಕದಲ್ಲಿ ಇರಲಿಲ್ಲ. ವೈರಿಯ ಪಾತ್ರಧಾರಿ ನಿಜವಾಗಿಯೂ ಓಡಿದ.

ಮರುದಿನ ಹಾಲೇಶಪ್ಪ ಹೆಂಡತಿ ಅಂತರಘಟ್ಟಮ್ಮನನ್ನು ಕರೆದುಕೊಂಡು ಸಾಬರ ಮನೆಗೆ ಬಂದರು.

"ಹುಡುಗೀನ ನಮ್ಮ ಕಂಪನಿಗೆ ಕೊಡ್ರಿ ಸಾಬ್ರೇ. ನನ್ನ ಹೆಂಡ್ತಿ ಮಗ್ಗಲಾಗೇ ಇರ್ತಾಳೆ."

"ಲಗಾಮು ಹಿಡಿಯಾಕೆ ಕಲಿಸಿದ್ದು ನಾನು. ಮಕಕ್ಕೆ ಬಣ್ಣ ಹಚ್ಚಾಕೆ ಅಲ್ಲ," ಎಂದು ಸಾಬರು ಎದ್ದು ಹೋದರು.

ತಾಯಿ ಮೆಹರಾಜ್ ಬೇಗಂ ಮಗಳ ಮುಖ ನೋಡಿದರು. ನಿನ್ನೆ ರಾತ್ರಿ ಅದು ಅರಳಿದ್ದನ್ನೂ ಈಗ ಬಾಡಿದ್ದನ್ನೂ ಕಂಡಿದ್ದರು. "ಹೋಗು ಬೇಟಿ. ನಿಮ್ಮ ಅಬ್ಬಾನ್ನ ನಾನು ನೋಡ್ಕೋತೀನಿ," ಎಂದರು. ಹೊರಡುವಾಗ ಸಾಬರು ಬೆನ್ನು ತಿರುಗಿಸಿ ಬಿಜಲಿಯ ಮೈ ಉಜ್ಜುತ್ತಲೇ ಇದ್ದರು. "ಅಬ್ಬಾ" ಎಂದು ಕರೆದರೂ ತಿರುಗಲಿಲ್ಲ.

ಜಗಳೂರಿನ ಬಿಡಾರದಲ್ಲಿ ಹಫೀಜಾ ಮಾತು ಕಲಿತಳು, ಹಾಡು ಕಲಿತಳು, ಅಂತರಘಟ್ಟಮ್ಮನ ಕೈಲಿ ಬೈಸಿಕೊಂಡು ನಡಿಗೆ ಕಲಿತಳು. ಅಲ್ಲಿಂದ ಸಿನಿಮಾಕ್ಕೆಂದು ಮುಂಬಯಿ. ಕುದುರೆ ಏರುವ ನಾಯಕಿಯರಿಗೆ ಆಗ ಅಲ್ಲಿ ಬರಗಾಲ. ಎರಡು ವರ್ಷದಲ್ಲಿ ಅವಳ ಚಿತ್ರ ಗೋಡೆಗೋಡೆಯ ಮೇಲೆ ಬಂತು. ಅದನ್ನು ಕಂಡ ಇಂಗ್ಲೆಂಡಿನ ಕಂಪನಿಯೊಂದು ಅವಳನ್ನು ಹಡಗು ಹತ್ತಿಸಿತು.

ಲಂಡನ್ನಿನಲ್ಲಿ ಅವಳದು ರಾಜಕುಮಾರಿಯ ಪಾತ್ರ. ಡಕಾಯಿತರನ್ನು ಕಂಡು ಮೂರ್ಛೆ ಹೋಗಬೇಕು, ನಾಯಕ ಎತ್ತಿಕೊಂಡು ಓಡಬೇಕು. ಹಫೀಜಾ ದುಭಾಷಿಯನ್ನು ಕರೆದಳು.

"ಪಕ್ಕದಾಗೇ ಕುದುರೆ ನಿಂತೈತೆ. ಅದನ್ನ ಬಿಟ್ಟು ನಾನ್ಯಾಕೆ ಮೂರ್ಛೆ ಹೋಗ್ಲಿ? ಕೇಳ್ರಿ ಅವರನ್ನ."

ನಿರ್ದೇಶಕ ಮೊದಲು ಗುರುಗುಟ್ಟಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ಕೊನೆಗೆ ಮೂರ್ಛೆ ಹೋದವನು ನಾಯಕ; ಅವನನ್ನು ಕುದುರೆಗೆ ಅಡ್ಡ ಹಾಕಿಕೊಂಡು ಹಾರಿಸಿದವಳು ರಾಜಕುಮಾರಿ. ಆ ಚಿತ್ರ ದೇಶದೇಶ ತಿರುಗಿತು. ಪ್ಯಾರಿಸ್ಸಿನವರು ಕರೆದರು, ಕೈರೋದವರು ಕರೆದರು. ಹೋದಲ್ಲೆಲ್ಲ ಹೂವು, ಚಪ್ಪಾಳೆ. ಆದರೆ ಹೋಟೆಲಿನ ಕೋಣೆಯಲ್ಲಿ ಒಬ್ಬಳೇ ಕೂತಾಗ ತಿರುಗದ ಆ ಬೆನ್ನು ಕಣ್ಣಿಗೆ ಕಟ್ಟುತ್ತಿತ್ತು. ಯುದ್ಧ ಶುರುವಾದಾಗ ಮುಂಬಯಿಗೆ ಮರಳಿದಳು.

ಯುದ್ಧ ಮುಗಿದ ಮರುವರ್ಷ ಅದೇ ಇಂಗ್ಲಿಷ್ ಚಿತ್ರ ಚನ್ನಗಿರಿಯ ಟೆಂಟಿಗೆ ಬಂತು. ತಾಯಿ ಹೇಳಿಕಳಿಸಿದ್ದರಿಂದ ಹಫೀಜಾ ರೈಲು, ಬಸ್ಸು ಹಿಡಿದು ಬಂದು, ಬುರ್ಕಾ ಹಾಕಿಕೊಂಡು ಹೆಂಗಸರ ಕಡೆ ತಾಯಿಯ ಪಕ್ಕ ಕೂತಳು. ನಡುವೆ ಪರದೆ. ಆಚೆ ಗಂಡಸರ ನಡುವೆ ಸುಬಾನಸಾಬರು ಇದ್ದಾರೆಂದು ತಾಯಿ ಪಿಸುಗುಟ್ಟಿದಾಗ ಅವಳು ಆ ಕಡೆಗೇ ಕಿವಿಗೊಟ್ಟು ಕೂತಳು.

ಇಂಗ್ಲಿಷ್ ಬಾರದ ಜನಕ್ಕೆ ಕಥೆ ಬಿಡಿಸಿ ಹೇಳಲು ಬೋರಣ್ಣ ಎಂಬವನು ಕೋಲು ಹಿಡಿದು ನಿಂತಿದ್ದ. ಸಿನಿಮಾ ತೆರೆಯ ಮೇಲೆ ಬಿಳಿ ಕುದುರೆ ಹಳ್ಳ ಹಾರಿತು.

"ನೋಡ್ರಪ್ಪೋ, ಈಕೆ ಇಂಗ್ಲೆಂಡಿನ ರಾಣಿ! ಹುಟ್ಟಿದ್ದು ಅರಮನ್ಯಾಗೆ, ಬೆಳೆದಿದ್ದು ಬಂಗಾರದ ತೊಟ್ಟಿಲಾಗೆ!"

"ಏಯ್, ಬಾಯಿ ಮುಚ್ಚೋ!" ಗಂಡಸರ ಕಡೆಯಿಂದ ದನಿಯೊಂದು ಎದ್ದಿತು. "ಯಾವ ಇಂಗ್ಲೆಂಡು? ಆಕೆ ಹೊನ್ನಾಳಿ ಹಫೀಜಾ! ನನ್ನ ಮಗಳು!"

ಟೆಂಟಿನ ತಲೆಗಳೆಲ್ಲ ಅತ್ತ ತಿರುಗಿದವು. ಆಮೇಲೆ ಶಿಳ್ಳೆಯೋ ಶಿಳ್ಳೆ. ಬೋರಣ್ಣ ಕೋಲು ಕೆಳಗಿಟ್ಟು, "ಹಂಗಾದ್ರೆ ಕಥೀನ ನೀವೇ ಹೇಳ್ರಿ ಸಾಬ್ರೇ," ಎಂದ. ಸಾಬರು ಹೇಳಿದರು ಕೂಡ. ಕಥೆ ಅವರಿಗೂ ಗೊತ್ತಿರಲಿಲ್ಲ. ಮಗಳು ಕಂಡಾಗಲೆಲ್ಲ "ಅಗೋ, ಬಂದ್ಲು" ಎಂದರು, ಜನಕ್ಕೆ ಅಷ್ಟು ಸಾಕಾಯಿತು. ಬುರ್ಕಾದೊಳಗೆ ಹಫೀಜಾ ಅಳುತ್ತಲೂ ನಗುತ್ತಲೂ ತಾಯಿಯ ತೋಳು ಹಿಂಡಿದಳು.

ಆಟ ಮುಗಿದು ಹೊರಗೆ ಬಂದಾಗ ಅವಳು ಅಪ್ಪನ ಮುಂದೆ ನಿಂತು ಮುಖ ತೆರೆದಳು. ಸಾಬರ ಗಡ್ಡ ನರೆತಿತ್ತು. ಮಗಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು.

"ಆ ಬಿಳಿ ಕುದುರೆಗೆ ಅಷ್ಟು ಓಡಿಸಿದ ಮ್ಯಾಲೆ ನೀರು ಕುಡಿಸಿದ್ರೇನು?"

"ಮೈ ಆರಿದ ಮ್ಯಾಲೆ ಕುಡಿಸಿದ್ವಿ ಅಬ್ಬಾ."

"ಹ್ಞೂಂ. ಉಂಡೇನು?"

"ಇಲ್ಲ."

"ಹಂಗಾದ್ರೆ ನಡಿ," ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಆ ಕೈ ಬಹಳ ಹೊತ್ತು ಅಲ್ಲೇ ಇತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಇಟಲಿಯವರು ಅವಳನ್ನು ಹೊಸ ಚಿತ್ರಕ್ಕೆ ಕರೆದರು. ಈ ಸಲ ಅವಳು ಒಬ್ಬಳೇ ಹೋಗಲಿಲ್ಲ. ಅಪ್ಪ, ಅಮ್ಮ ಇಬ್ಬರನ್ನೂ ಹಡಗು ಹತ್ತಿಸಿದಳು. ಮೆಹರಾಜ್ ಬೇಗಂ ಸಮುದ್ರ ನೋಡಿ ಬೆರಗಾಗಿ ಕೂತರು. ಸುಬಾನಸಾಬರು ಮಾತ್ರ ಮೂಟೆಯೊಂದನ್ನು ಕಾಲ ಬಳಿ ಭದ್ರವಾಗಿ ಇಟ್ಟುಕೊಂಡಿದ್ದರು.

"ಇದರಾಗೆ ಏನೈತೆ ಅಬ್ಬಾ?"

"ಹುರುಳಿ. ಆ ದೇಶದ ಕುದುರೆಗೆ ಏನು ಹಾಕ್ತಾರೋ ಏನೋ, ನಿನ್ನ ಕುದುರೆಗೆ ನಾನೇ ಬೇಯಿಸಿ ಹಾಕ್ತೀನಿ."